‘ನಿನ್ನೆಯಂತೆಯೇ’ ಎನ್ನುವ ಮಗ: ಸಂಪಾದಕರ ಉತ್ತರ

ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್ ಆಗಿರುವ ಮಗನ ಬಗ್ಗೆ ನೀವು ಬರೆದ ಪತ್ರ ಓದಿದೆ, ಅಮ್ಮ. ನಡುಸಾಗರದಲ್ಲಿ ರಾತ್ರಿಯಾದರೆ ಹಡಗು ನಿಲ್ಲಿಸಿ ಮಲಗುತ್ತಾರೆಯೇ ಎಂದು ಕೇಳಿದ್ದೀರಿ. ಅದಕ್ಕಿಂತ ನನ್ನನ್ನು ಹೆಚ್ಚು ತಟ್ಟಿದ್ದು ಪತ್ರದ ಕೊನೆಯ ಮಾತು: ‘ಇವತ್ತು ಏನು ಮಾಡಿದೆ’ ಎಂದರೆ ಸಾಕು, ‘ಏನಿಲ್ಲ, ನಿನ್ನೆಯಂತೆಯೇ’ ಎನ್ನುತ್ತಾನೆ, ಏನಾದರೂ ಮುಚ್ಚಿಡುತ್ತಿದ್ದಾನೆಯೇ ಎಂಬ ಅಳುಕು.

ಹಡಗು ನಿಲ್ಲುವುದಿಲ್ಲ. ಲಂಗರು ಹಾಕೋಣವೆಂದರೂ ನೆಲ ಸಿಗದು. ಸಾಗರದ ಸರಾಸರಿ ಆಳ ಸುಮಾರು 3,700 ಮೀಟರ್. ದೊಡ್ಡ ಹಡಗಿನ ಲಂಗರಿನ ಸರಪಳಿಯೂ ಕೆಲವು ನೂರು ಮೀಟರ್ ಅಷ್ಟೆ. ಹಾಗಾಗಿ ದಡ ಮರೆಯಾದ ಮೇಲೆ ಯಾರಾದರೊಬ್ಬರು ಎದ್ದಿರಲೇಬೇಕು. ಅದಕ್ಕೇ ದಿನವನ್ನು ನಾಲ್ಕು ನಾಲ್ಕು ಗಂಟೆಯ ವಾಚ್‌ಗಳಾಗಿ, ಅಂದರೆ ಕಾವಲು ಪಾಳಿಗಳಾಗಿ, ಹಂಚಿಕೊಳ್ಳುತ್ತಾರೆ. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಥರ್ಡ್ ಆಫೀಸರ್ ಪಾಲು, ನಾಲ್ಕರಿಂದ ಎಂಟು ಚೀಫ್ ಆಫೀಸರ್ ಪಾಲು, ಹನ್ನೆರಡರಿಂದ ನಾಲ್ಕು ನಿಮ್ಮ ಮಗನ ಪಾಲು. ಹಗಲಿಗೊಮ್ಮೆ, ರಾತ್ರಿಗೊಮ್ಮೆ.

ಆ ರಾತ್ರಿಯ ಪಾಳಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹನ್ನೆರಡಕ್ಕೆ ಮೊದಲೇ ಅವನು ಬ್ರಿಜ್‌ಗೆ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಗೆ, ಹತ್ತುತ್ತಾನೆ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕಲ್ಲ. ಅಲ್ಲಿ ದೀಪ ಹಚ್ಚುವುದಿಲ್ಲ. ರೇಡಾರ್ ಪರದೆಯ ಬೆಳಕನ್ನೂ ತಗ್ಗಿಸಿರುತ್ತಾರೆ. ಜೊತೆಗೆ ಕಾವಲಿಗೆ ಒಬ್ಬ ನಾವಿಕ. ಯಂತ್ರಗಳು ಎಷ್ಟೇ ಇದ್ದರೂ ಕಣ್ಣು, ಕಿವಿಗಳಿಂದ ಸದಾ ಕಾವಲಿರಬೇಕೆಂದು 1972ರ ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಎದ್ದ ಅಲೆಗಳ ನಡುವೆ ಸಣ್ಣ ಮರದ ದೋಣಿಯನ್ನು ರೇಡಾರ್ ಗುರುತಿಸದೇ ಹೋಗಬಹುದು.

ದೂರದಲ್ಲೊಂದು ಕೆಂಪು ದೀಪ ಕಂಡರೆ ಆ ಹಡಗಿನ ಎಡಮಗ್ಗುಲು ಇವನ ಕಡೆಗಿದೆ. ಹಸಿರು ಕಂಡರೆ ಬಲಮಗ್ಗುಲು. ಎರಡೂ ಒಟ್ಟಿಗೆ ಕಂಡರೆ ಅದು ನೇರ ಎದುರು ಬರುತ್ತಿದೆ, ಆಗ ಎರಡೂ ಹಡಗುಗಳು ಬಲಕ್ಕೆ ತಿರುಗಬೇಕು. ಎಷ್ಟು ಹೊತ್ತು ನೋಡಿದರೂ ದೀಪದ ದಿಕ್ಕು ಕದಲದೆ ದೂರ ಮಾತ್ರ ಕಡಿಮೆಯಾಗುತ್ತಿದ್ದರೆ ಡಿಕ್ಕಿಯ ಅಪಾಯವಿದೆ ಎಂದೇ ತಿಳಿಯಬೇಕು. ನಾಲ್ಕು ಗಂಟೆಯಲ್ಲಿ ಒಂದು ದೀಪವೂ ಕಾಣದ ರಾತ್ರಿಗಳೂ ಉಂಟು. ಆದರೆ ಕಾಣುವುದಿಲ್ಲವೆಂದು ಕೂರುವಂತಿಲ್ಲ. ಇವನು ತೂಕಡಿಸಿದರೆ ಹಿಡಿಯಲೆಂದೇ ಅಲ್ಲೊಂದು ಅಲಾರಂ ಇದೆ. 3ರಿಂದ 12 ನಿಮಿಷಗಳ ನಡುವೆ ಗೊತ್ತುಮಾಡಿದ ಅವಧಿಗೊಮ್ಮೆ ಸ್ಪಂದಿಸದಿದ್ದರೆ ಮೊದಲು ಬ್ರಿಜ್‌ನಲ್ಲೇ ಕೂಗಿ, ಆಮೇಲೆ ಬೇರೆ ಅಧಿಕಾರಿಯನ್ನೋ ಕ್ಯಾಪ್ಟನ್‌ರನ್ನೋ ಎಬ್ಬಿಸುತ್ತದೆ.

ನಾಲ್ಕಕ್ಕೆ ಚೀಫ್ ಆಫೀಸರ್ ಬಂದು, ಎಲ್ಲ ಕೇಳಿಸಿಕೊಂಡು, ಕಣ್ಣು ಹೊಂದಿದ ಮೇಲೆಯೇ ಇವನಿಗೆ ಬಿಡುಗಡೆ. (ನಾಲ್ಕರಿಂದ ಎಂಟರ ಪಾಳಿಯವರು ಪುಣ್ಯವಂತರು ಎನಿಸುತ್ತದೆ ನನಗೆ. ನಕ್ಷತ್ರವೂ ದಿಗಂತವೂ ಒಟ್ಟಿಗೆ ಕಾಣುವ ಹೊತ್ತು, ಮುಂಜಾವು ಮತ್ತು ಮುಸ್ಸಂಜೆ, ಹೆಚ್ಚಾಗಿ ಅವರಿಗೇ ಸಿಗುತ್ತದೆ; ದಿಗಂತದಿಂದ ನಕ್ಷತ್ರದ ಎತ್ತರ ಅಳೆಯುವ ಸೆಕ್ಸ್‌ಟಂಟ್ ಹಿಡಿದು ಹಡಗಿನ ಸ್ಥಾನ ಲೆಕ್ಕಹಾಕಲು ಅದೇ ಸಮಯ.)

ಹಗಲಿನದು ಬೇರೆ ಗದ್ದಲ: ಡೆಕ್ಕಿನಲ್ಲಿ ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು, ಕೆಳಗೆ ಎಂಜಿನ್ ರೂಮಿನ ರಿಪೇರಿ. ಎಂಜಿನ್ ಬಿಸಿಯಲ್ಲೇ ಕಡಲ ನೀರನ್ನು ಆವಿ ಮಾಡಿ ಸಿಹಿನೀರು ಪಡೆಯುತ್ತಾರೆ. ಅವನು ಸ್ನಾನ ಮಾಡುವುದು ಬಹುಶಃ ಅದರಲ್ಲೇ. ಮಧ್ಯಾಹ್ನ ಹನ್ನೆರಡರ ವರದಿ, ಅಂದರೆ ಹಡಗು ಇರುವ ಸ್ಥಾನ, ಹಿಂದಿನ ಮಧ್ಯಾಹ್ನದಿಂದ ಸಾಗಿದ ದೂರ, ವೇಗ, ಸುಟ್ಟ ಇಂಧನ, ಇವನ್ನು ಸಿದ್ಧಪಡಿಸುವುದು ಹೆಚ್ಚಾಗಿ ಸೆಕೆಂಡ್ ಆಫೀಸರ್. ಆ ವರದಿ ನಿನ್ನೆಯಂತೆಯೇ ಇದ್ದರೆ ಇಡೀ ಹಡಗಿಗೆ ನೆಮ್ಮದಿ. ನಿಮ್ಮ ಮಗ ಏನನ್ನೂ ಮುಚ್ಚಿಡುತ್ತಿರಲಾರ, ಅಮ್ಮ. ತನ್ನ ಬಳಿ ಇರುವುದರಲ್ಲಿ ಒಳ್ಳೆಯ ಸುದ್ದಿಯನ್ನೇ ಕೊಡುತ್ತಿದ್ದಾನೆ.

ಅವನ ನಿದ್ದೆಯ ಬಗ್ಗೆ ನಿಮಗೆ ಕಾಳಜಿ ಇರಲಿ. ಇಪ್ಪತ್ತನಾಲ್ಕು ಗಂಟೆಯಲ್ಲಿ 10 ಗಂಟೆ ವಿಶ್ರಾಂತಿ, ಅದರಲ್ಲಿ ಒಂದು ಕಂತು 6 ಗಂಟೆಗೆ ಕಡಿಮೆಯಿರಬಾರದು ಎಂಬ ನಿಯಮವಿದೆ. ಆದರೂ ಹನ್ನೆರಡು–ನಾಲ್ಕರವನ ನಿದ್ದೆ ಎರಡು ತುಂಡೇ. 15 ಡಿಗ್ರಿ ರೇಖಾಂಶ ದಾಟಿದರೆ ಗಡಿಯಾರ ಒಂದು ಗಂಟೆ ಬದಲು: ಪಶ್ಚಿಮಕ್ಕೆ ಹೋದರೆ 25 ಗಂಟೆಯ ದಿನ, ಪೂರ್ವಕ್ಕೆ ಹೋದರೆ 23ರದು. ಬೆಳಿಗ್ಗೆ ಫೋನ್ ಎತ್ತದಿದ್ದರೆ ಗಾಬರಿಯಾಗಬೇಡಿ, ಮಲಗಿರುತ್ತಾನೆ. ಅವನ ಹಡಗಿನ ಗಡಿಯಾರದಲ್ಲಿ ಸಂಜೆ ಐದಾದ ಮೇಲೆ ಮಾಡಿ. ಏನು ಮಾಡಿದೆ ಎಂದು ಕೇಳುವ ಬದಲು, ನಿನ್ನೆ ರಾತ್ರಿ ಎಷ್ಟು ದೀಪ ಕಂಡೆ, ಗಡಿಯಾರ ಹಿಂದಕ್ಕೋ ಮುಂದಕ್ಕೋ ಎಂದು ಕೇಳಿ ನೋಡಿ. ಅವನು ಏನು ಹೇಳಿದನೆಂದು ನನಗೂ ಒಂದು ಸಾಲು ಬರೆಯಿರಿ.