ಒತ್ತಿದರೆ ರಬ್ಬರ್ ಉಬ್ಬುತ್ತದೆ, ಕಾರ್ಕ್ ಯಾಕೆ ಉಬ್ಬುವುದಿಲ್ಲ?

ಪ್ರಶ್ನೆ: ಅಜ್ಜನ ಕಾಲದ ಗಾಜಿನ ಕುಪ್ಪಿಗಳಿವೆ, ತೈಲ, ಅರಿಷ್ಟ ತುಂಬಿಡುತ್ತಿದ್ದಂಥವು. ಕಾರ್ಕಿನ ಬಿರಡೆಗಳು ಹುಡಿಯಾಗಿ ಹೋದವು. ನಮ್ಮದು ರಬ್ಬರ್ ತೋಟ. ರಬ್ಬರಿಗೇನು ಬರ ಎಂದುಕೊಂಡು ಅದೇ ಅಳತೆಗೆ ರಬ್ಬರಿನ ಬಿರಡೆ ಕೆತ್ತಿದೆ. ಮೇಲಿನಿಂದ ಒತ್ತಿದಷ್ಟೂ ದಪ್ಪವಾಗುತ್ತದೆ, ಒಳಗೆ ಹೋಗುವುದೇ ಇಲ್ಲ! ಅಂಗಳದ ಆಕಾಶಮಲ್ಲಿಗೆಯ ತೊಗಟೆ ಆದೀತೇ?
– ಓದುಗರೊಬ್ಬರು, ಮುಳ್ಳೇರಿಯ, ಕಾಸರಗೋಡು

ಉತ್ತರ: ನಿಮ್ಮ ಕೈಗೆ ಸಿಕ್ಕಿದ ಅನುಭವ ಸರಿಯಾಗಿಯೇ ಇದೆ. ರಬ್ಬರ್ ಆಕಾರ ಬದಲಿಸಲು ಸದಾ ತಯಾರು, ಆದರೆ ಗಾತ್ರ ಮಾತ್ರ ಬಿಟ್ಟುಕೊಡುವುದಿಲ್ಲ. ಇಲ್ಲಿ ಅಮುಕಿದರೆ ಅಲ್ಲಿ ಉಬ್ಬುತ್ತದೆ. ಒಂದು ಲೆಕ್ಕ ನೋಡಿ. ವೈನ್ ಬಾಟಲಿಯ ಕಾರ್ಕ್ ಸಾಮಾನ್ಯವಾಗಿ 24 ಮಿಲಿಮೀಟರ್ ದಪ್ಪ, ಕೊರಳಿನ ಒಳಗಲ ಸುಮಾರು 18.5. ಅಷ್ಟು ಸಂದಿಗೆ 3 ಸೆಂಟಿಮೀಟರ್ ಉದ್ದದ ರಬ್ಬರ್ ಹೋಗಬೇಕಾದರೆ ಅದು 5 ಸೆಂಟಿಮೀಟರ್ ಉದ್ದವಾಗಬೇಕು. ಕಾರ್ಕಿಗೆ ಆ ಕಷ್ಟವಿಲ್ಲ. ಅದು ಗಾತ್ರವನ್ನೇ ಕಳೆದುಕೊಳ್ಳುತ್ತದೆ.

ಹೇಗೆಂದರೆ, ಕಾರ್ಕ್ ಒಂದು ಮರದ ತೊಗಟೆ, ಅದರ ಒಳಗಿರುವುದು ಬಹುಪಾಲು ಗಾಳಿ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕಿನ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಕೋಣೆಗಳನ್ನು ಕಂಡ ಕತೆ ಶಾಲೆಯಲ್ಲಿ ಓದಿರುತ್ತೀರಿ. ಜೀವಶಾಸ್ತ್ರದ ಪಾಠ ಅಲ್ಲಿಗೆ ನಿಲ್ಲುತ್ತದೆ. ಆದರೆ ಕಾರ್ಕ್ ಯಾಕೆ ಇಷ್ಟು ಹಗುರ, ಒತ್ತಿದರೆ ಯಾಕೆ ಮತ್ತೆ ಪುಟಿಯುತ್ತದೆ ಎಂಬುದಕ್ಕೂ ಹುಕ್ ಆ ಕೋಣೆಗಳಲ್ಲೇ ಕಾರಣ ಕಂಡಿದ್ದ. ನಿಮ್ಮದೂ ಹೆಚ್ಚುಕಡಿಮೆ ಅದೇ ಪ್ರಶ್ನೆ.

ಕೋಣೆಗಳು ಆರು ಮೂಲೆಯ ಪುಟ್ಟ ಕಂಬಗಳಂತೆ, ಮರದ ನಡುವಿನಿಂದ ಹೊರಮುಖವಾಗಿ ಸಾಲುಗಟ್ಟಿವೆ. ಎಲ್ಲವೂ ಮುಚ್ಚಿದ ಡಬ್ಬಿಗಳು. ಗೋಡೆಯ ದಪ್ಪ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು. ಅದರಲ್ಲಿ ಸುಬೆರಿನ್ ಎಂಬ ಮೇಣದಂಥ ಪದಾರ್ಥ ಇರುವುದರಿಂದ ನೀರು ಒಳನುಸುಳದು. ನಿಜವಾದ ಚಮತ್ಕಾರ ಪಕ್ಕದ ಗೋಡೆಗಳಲ್ಲಿದೆ: ಅವು ನೇರವಾಗಿಲ್ಲ, ನೆರಿಗೆ ಬಿದ್ದಿವೆ. ಬೆಳೆಯುವಾಗ ಹೊರಗಿನ ಹಳೆಯ ತೊಗಟೆ ಅಮುಕಿದ್ದರ ಗುರುತು ಅದು. ಭಾಗವತರ ಪಕ್ಕದ ಶ್ರುತಿಪೆಟ್ಟಿಗೆಯ ತಿದಿಯನ್ನು ನೆನಪಿಸಿಕೊಳ್ಳಿ. ಒತ್ತಿದರೆ ನೆರಿಗೆ ಮಡಚುತ್ತದೆ, ತಿದಿ ಅಗಲವಾಗುವುದಿಲ್ಲ. ಕಾರ್ಕೂ ಹಾಗೆಯೇ, ಮರದ ಹೊರಮುಖದ ದಿಕ್ಕಿನಲ್ಲಿ ಒತ್ತಿದರೆ ಪಕ್ಕಕ್ಕೆ ಉಬ್ಬುವುದು ಇಲ್ಲವೆನ್ನುವಷ್ಟು ಕಡಿಮೆ. ಬೇರೆ ದಿಕ್ಕಿನಲ್ಲಿ ಒತ್ತಿದರೆ ಅಲ್ಪಸ್ವಲ್ಪ ಉಬ್ಬುತ್ತದೆ, ರಬ್ಬರಿನಷ್ಟಲ್ಲ. ಇನ್ನೂ ಬಲವಾಗಿ ಒತ್ತಿದರೆ ಗೋಡೆಗಳು ಬಾಗಿ ಕುಸಿಯುತ್ತವೆ, ಆದರೆ ಒಡೆಯುವುದಿಲ್ಲ. ಒತ್ತಡ ಬಿಟ್ಟಾಗ ಗೋಡೆಯ ಸ್ಥಿತಿಸ್ಥಾಪಕತೆಯೂ ಒಳಗೆ ಸಿಕ್ಕಿಬಿದ್ದ ಗಾಳಿಯೂ ಸೇರಿ ಅವನ್ನು ಮತ್ತೆ ಹೊರದಬ್ಬುತ್ತವೆ. ಕುಪ್ಪಿಯ ಕೊರಳನ್ನು ಬಿಗಿಹಿಡಿಯುವುದು ಆ ದಬ್ಬುವಿಕೆಯೇ.

ಹೊಸ ಬಿರಡೆ ಕೊಳ್ಳುವಾಗ ಕಂದು ಗೀರುಗಳನ್ನು ಗಮನಿಸಿ. ಅವು ತೊಗಟೆ ಉಸಿರಾಡುವ ಸಣ್ಣ ಕೊಳವೆಗಳು. ಗೀರು ಬಿರಡೆಗೆ ಅಡ್ಡಲಾಗಿರಬೇಕು. ಮೇಲಿಂದ ಕೆಳಗೆ ಹಾದುಹೋಗಿದ್ದರೆ ತೈಲ ಅದರಲ್ಲೇ ಜಿನುಗುತ್ತದೆ. ಒಣಗಿ ಬಿರುಸಾದ ಬಿರಡೆಯನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಹಾಕಿಟ್ಟರೆ ಮೆತ್ತಗಾಗುತ್ತದೆ. ಕುದಿಸಿದರೆ ನೆರಿಗೆ ಬಿಚ್ಚಿಕೊಂಡು ಕಾರ್ಕ್ ಹಿಗ್ಗುವುದೂ ಉಂಟು.

ಆಕಾಶಮಲ್ಲಿಗೆಯ ತೊಗಟೆಯನ್ನು ಕಾರ್ಕಿಗೆ ಬದಲಾಗಿ ಬಳಸಿದ್ದುಂಟು, ಅದಕ್ಕೇ ಇಂಗ್ಲಿಷಿನಲ್ಲಿ ಆ ಮರಕ್ಕೆ ಇಂಡಿಯನ್ ಕಾರ್ಕ್ ಟ್ರೀ ಎನ್ನುತ್ತಾರೆ. ಆದರೆ ಗುಣದಲ್ಲಿ ಅದು ಕೀಳು. ನನ್ನ ಮಾತು ಕೇಳುವುದಾದರೆ ಮರವನ್ನು ಹೂವಿಗೆ ಬಿಡಿ. ಪೋರ್ಚುಗಲ್, ಸ್ಪೇನ್ ಕಡೆಯ ಕಾರ್ಕ್ ಓಕ್ ಮರದ್ದೇ ಬಿರಡೆ ಕೊಳ್ಳಿ.

ಕೆತ್ತಿದ ರಬ್ಬರನ್ನೂ ಎಸೆಯಬೇಡಿ. ಕೆಳಗೆ ಸಣ್ಣ, ಮೇಲೆ ದಪ್ಪ ಬರುವಂತೆ ಓರೆಯಾಗಿ ಕೆತ್ತಿ. ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ರಬ್ಬರ್ ಬಿರಡೆಗಳೆಲ್ಲ ಹಾಗೆ ಇರುವುದು ಇದೇ ಕಾರಣಕ್ಕೆ. ತೈಲದ ಕುಪ್ಪಿಗೆ ಮಾತ್ರ ಅದು ಬೇಡ, ಎಣ್ಣೆ ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ.