ಜಿಂಕೆ ಬೇಟೆಯ ಬಾಣಕ್ಕೆ ನಂಬಿಕೆಗೆ ಅರ್ಹವಾದ ಬ್ರಾಡ್‌ಹೆಡ್ ಯಾವುದು?

ನೀವು ಗೌರಿಬಿದನೂರಿನವರೆಂದೂ, ಈಗ ಪೆನ್ಸಿಲ್ವೇನಿಯಾದಲ್ಲಿ ಕೆಲಸದಲ್ಲಿದ್ದೀರೆಂದೂ, ಬರುವ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಪರವಾನಗಿ ಪಡೆದು ಬಿಲ್ಲಿನಿಂದ ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗಲಿದ್ದೀರೆಂದೂ ಬರೆದಿದ್ದೀರಿ. ನಿಮ್ಮ ಕಾಂಪೌಂಡ್ ಬಿಲ್ಲಿನ ಎಳೆತ 60 ಪೌಂಡ್, ಬಾಣದ ಒಟ್ಟು ತೂಕ 410 ಗ್ರೇನ್ (ಸುಮಾರು 27 ಗ್ರಾಂ), ವೇಗ ಸೆಕೆಂಡಿಗೆ 255 ಅಡಿ. ಅಂಗಡಿಯ ಗೋಡೆಯ ತುಂಬ ತೂಗುಹಾಕಿರುವ ಬ್ರಾಡ್‌ಹೆಡ್‌ಗಳಲ್ಲಿ, ಅಂದರೆ ಬೇಟೆಯ ಬಾಣದ ತುದಿಗೆ ತಿರುಗಿಸಿ ಕೂರಿಸುವ ಹರಿತ ಅಲಗಿನ ಮೊನೆಗಳಲ್ಲಿ, ಯಾವುದನ್ನು ಕೊಳ್ಳಬೇಕು, ಮುಂದೆ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯ ಬೇಟೆಗೂ ಅದೇ ಸಾಕೇ, ಊರಿಗೆ ಬಂದಾಗ ಜೋಳದ ಹೊಲಕ್ಕೆ ನುಗ್ಗುವ ಹಂದಿಗಳ ಮೇಲೆ ಬಳಸಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ತುಮಕೂರಿನವನು. ಟೂಲ್‌ರೂಮ್ ಕೆಲಸದ ಮೇಲೆ ವಿಸ್ಕಾನ್ಸಿನ್‌ನಲ್ಲಿ ಹನ್ನೊಂದು ವರ್ಷ ಇದ್ದು, ಅಲ್ಲಿ ಒಂಬತ್ತು ಋತುಗಳು ಬಿಲ್ಲು ಹಿಡಿದು ಮರದ ಮೇಲಿನ ಅಟ್ಟಣೆಯಲ್ಲಿ ಕುಳಿತವನು. ಉಕ್ಕಿನ ಬಗ್ಗೆ ವೃತ್ತಿಯಿಂದ ತಿಳಿದಿದ್ದೇನೆ, ಬೇಟೆಯ ಬಗ್ಗೆ ತಪ್ಪು ಮಾಡಿ ತಿಳಿದಿದ್ದೇನೆ.

ಮೊದಲು ಒಂದು ಮಾತು. ಜಿಂಕೆ ಪಕ್ಕಕ್ಕೆ ತಿರುಗಿ ನಿಂತಿದ್ದು, ಇಪ್ಪತ್ತು ಗಜದೊಳಗಿದ್ದು, ಬಾಣವು ಮುಂಗಾಲಿನ ಹಿಂದೆ ಸರಿಯಾಗಿ ಪಕ್ಕೆಲುಬುಗಳ ನಡುವೆ ಹೋದರೆ, ಮಾರುಕಟ್ಟೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಬ್ರಾಡ್‌ಹೆಡ್‌ಗಳೂ ಕೆಲಸ ಮಾಡುತ್ತವೆ. ಜಾಹೀರಾತುಗಳಲ್ಲಿ ತೋರಿಸುವುದು ಅಂತಹ ಹೊಡೆತಗಳನ್ನೇ. ನಂಬಿಕೆಯ ಪ್ರಶ್ನೆ ಏಳುವುದು ಬಾಣ ನಾಲ್ಕು ಬೆರಳು ಮುಂದೆ ಬಿದ್ದು ಹೆಗಲ ಮೂಳೆಗೆ ತಾಗಿದಾಗ, ಅಥವಾ ಬಿಲ್ಲಿನ ದಾರ ಬಿಟ್ಟ ಕ್ಷಣದಲ್ಲಿ ಪ್ರಾಣಿ ಅರೆ ತಿರುಗಿದಾಗ. ಆದ್ದರಿಂದ ಬ್ರಾಡ್‌ಹೆಡ್ಡನ್ನು ನಿಮ್ಮ ಅತ್ಯುತ್ತಮ ಬಾಣಕ್ಕಾಗಿ ಅಲ್ಲ, ಅತ್ಯಂತ ಕೆಟ್ಟ ಬಾಣಕ್ಕಾಗಿ ಆರಿಸಿ. ಮುಂದೆ ನಾನು ಹೇಳುವುದೆಲ್ಲ ಇದರಿಂದಲೇ ಹುಟ್ಟುತ್ತದೆ.

ಬಾಣ ಕೊಲ್ಲುವುದು ಹೊಡೆತದ ರಭಸದಿಂದಲ್ಲ. ಬಾಣದ ತೂಕವನ್ನು ಗ್ರೇನ್‌ನಲ್ಲಿ ತೆಗೆದುಕೊಂಡು, ವೇಗದ ವರ್ಗದಿಂದ ಗುಣಿಸಿ, 450240ರಿಂದ ಭಾಗಿಸಿದರೆ ಅಡಿ-ಪೌಂಡ್ ಲೆಕ್ಕದಲ್ಲಿ ಶಕ್ತಿ ಸಿಗುತ್ತದೆ. ನಿಮ್ಮ ಬಾಣದ್ದು ಸುಮಾರು 59. ಜಿಂಕೆ ಬೇಟೆಯ ಸಾಧಾರಣ ರೈಫಲ್ ಗುಂಡಿನದು 2000ಕ್ಕೂ ಹೆಚ್ಚು. ಇಷ್ಟು ಕಡಿಮೆ ಶಕ್ತಿಯ ಬಾಣ ಪ್ರಾಣಿಯನ್ನು ಬೀಳಿಸುವುದು ಶ್ವಾಸಕೋಶ, ಹೃದಯ ಮತ್ತು ದೊಡ್ಡ ರಕ್ತನಾಳಗಳನ್ನು ಕತ್ತರಿಸಿ ರಕ್ತ ಹರಿಸುವುದರಿಂದ ಮಾತ್ರ. ಅಂದರೆ ಬ್ರಾಡ್‌ಹೆಡ್ ಒಂದು ಚಾಕು. ಅದರಿಂದ ಸುತ್ತಿಗೆಯ ಕೆಲಸವನ್ನು ನಿರೀಕ್ಷಿಸಬಾರದು. ಬಾಣ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಅಟ್ಟಣೆಯ ಮೇಲಿನಿಂದ ಹೊಡೆದಾಗ ಹೊಕ್ಕ ಗಾಯ ಎತ್ತರದಲ್ಲಿರುತ್ತದೆ, ಹೊರಬಿದ್ದ ಗಾಯ ತಗ್ಗಿನಲ್ಲಿರುತ್ತದೆ, ನೆಲದ ಮೇಲೆ ಜಾಡು ಮೂಡಿಸುವ ರಕ್ತ ಬರುವುದು ಬಹುತೇಕ ಆ ತಗ್ಗಿನ ಗಾಯದಿಂದಲೇ.

ನನ್ನ ಎರಡನೆಯ ಋತುವಿನಲ್ಲಿ ನಾನು ಕೊಂಡದ್ದು ಮೆಕ್ಯಾನಿಕಲ್ ಬ್ರಾಡ್‌ಹೆಡ್. ಹಾರುವಾಗ ಅಲಗುಗಳು ಮಡಚಿಕೊಂಡಿದ್ದು, ಮೈಗೆ ತಾಗಿದಾಗ ತೆರೆದುಕೊಂಡು ಎರಡು ಅಂಗುಲ ಅಗಲ ಕತ್ತರಿಸುವಂಥದ್ದು. ಕಂಪನಿಯ ಹೆಸರು ಇಲ್ಲಿ ಬೇಡ, ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಸಂಜೆಯ ಹೊತ್ತು, ಜಿಂಕೆ ಓರೆಯಾಗಿ ನಿಂತಿತ್ತು; ನಾನು ಅವಸರಪಟ್ಟೆ. ಬಾಣ ಹೆಗಲಿನ ಅಂಚಿಗೆ ತಾಗಿ, ಅಲಗುಗಳು ತೆರೆಯುವುದರಲ್ಲೇ ಶಕ್ತಿಯ ಒಂದು ಪಾಲನ್ನು ಕಳೆದುಕೊಂಡು, ಒಂದು ಗೇಣೂ ಒಳಹೋಗದೆ ನಿಂತಿತು. ಟಾರ್ಚ್ ಹಿಡಿದು ರಾತ್ರಿ ಹನ್ನೊಂದರವರೆಗೆ ಹುಡುಕಿದೆವು, ಮರುದಿನ ಮಧ್ಯಾಹ್ನದವರೆಗೂ ಹುಡುಕಿದೆವು. ಸಿಕ್ಕಿದ್ದು ಮುರಿದ ಬಾಣದ ಹಿಂಭಾಗ ಮಾತ್ರ. ಜಿಂಕೆ ಸತ್ತಿತೋ ಬದುಕಿತೋ ಇಂದಿಗೂ ಗೊತ್ತಿಲ್ಲ. ಆಮೇಲೆ ನಾನು ಮೆಕ್ಯಾನಿಕಲ್ ಬಳಸಲಿಲ್ಲ. ಹಾಗೆಂದು ಅವುಗಳನ್ನು ಸಾರಾಸಗಟಾಗಿ ತಳ್ಳಿಹಾಕುವುದು ನ್ಯಾಯವಲ್ಲ: 70 ಪೌಂಡಿನ ಬಿಲ್ಲು, ತೂಕದ ಬಾಣ, ತಾಳ್ಮೆಯ ಕೈ ಇದ್ದವರು ಅವುಗಳಿಂದ ದೊಡ್ಡ ಗಾಯವನ್ನೂ ಸ್ಪಷ್ಟವಾದ ರಕ್ತದ ಜಾಡನ್ನೂ ಪಡೆಯುತ್ತಾರೆ. ನನ್ನ ಜೊತೆಗಾರರಲ್ಲೇ ಇಬ್ಬರು ಅಂತಹವರಿದ್ದರು. ಆದರೆ ಚಲಿಸುವ ಭಾಗಗಳಿರುವ ಯಾವ ಉಪಕರಣವೂ ಅವು ಇಲ್ಲದ ಉಪಕರಣಕ್ಕಿಂತ ಕೆಡಲು ಹೆಚ್ಚು ದಾರಿಗಳನ್ನು ಇಟ್ಟುಕೊಂಡಿರುತ್ತದೆ ಎಂಬುದನ್ನು ಟೂಲ್‌ರೂಮಿನಲ್ಲಿ ಕೆಲಸ ಮಾಡಿದವನಿಗೆ ಬೇರೆ ಹೇಳಬೇಕಾಗಿಲ್ಲ. ಮೊದಲ ಋತುವಿನವರಿಗೆ, ಅದರಲ್ಲೂ 60 ಪೌಂಡ್ ಎಳೆಯುವವರಿಗೆ, ಸ್ಥಿರ ಅಲಗಿನದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಥಿರ ಅಲಗಿನವುಗಳಲ್ಲೂ ಎರಡು ಬಗೆಯ ಮೊನೆಗಳಿವೆ. ಒಂದು, ತುದಿಯಿಂದಲೇ ಅಲಗು ಆರಂಭವಾಗಿ ತಾಗಿದ ಕ್ಷಣದಿಂದ ಕತ್ತರಿಸುತ್ತ ಹೋಗುವುದು. ಇನ್ನೊಂದು, ಉಳಿಯಂತೆ ಮೂರು ಮುಖದ ಗಟ್ಟಿ ಮೊನೆ ಮೊದಲು ತೂತು ಮಾಡಿ, ಹಿಂದಿನ ಅಲಗುಗಳು ಆಮೇಲೆ ಕತ್ತರಿಸುವುದು. ಮೊದಲನೆಯದಕ್ಕೆ ಒಳಹೋಗಲು ಕಡಿಮೆ ಶಕ್ತಿ ಸಾಕು. 40–50 ಪೌಂಡ್ ಎಳೆಯುವವರಿಗೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ. ಎರಡನೆಯದರ ತುದಿ ಮೂಳೆಗೆ ತಾಗಿದರೆ ಸುಲಭವಾಗಿ ಬಾಗುವುದಿಲ್ಲ. ನಿಮ್ಮ ಬಿಲ್ಲು ಎರಡನ್ನೂ ನಿಭಾಯಿಸುತ್ತದೆ.

ಉಕ್ಕಿನ ವಿಷಯದಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಕೊಳ್ಳುವವರು ಇಲ್ಲಿಯೇ ಹೆಚ್ಚು ಮೋಸಹೋಗುತ್ತಾರೆ. ನಮ್ಮ ತಂದೆ ತುಮಕೂರಿನ ಕೈಗಡಿಯಾರದ ಕಾರ್ಖಾನೆಯಲ್ಲಿದ್ದರು. ಉಕ್ಕು ಗಡಸಾದಷ್ಟೂ ಒಳ್ಳೆಯದು ಎನ್ನುವವನು ಇನ್ನೂ ಒಂದು ಚಾಣವನ್ನೂ ಮುರಿದಿಲ್ಲ ಎಂದು ಹೇಳುತ್ತಿದ್ದರು. ಅತಿ ಗಡಸಾದ ಅಲಗು ಮೂಳೆಗೆ ತಾಗಿ ಚೂರು ಹಾರುತ್ತದೆ, ಮೆದುವಾದದ್ದರ ಅಂಚು ಮಡಚಿಕೊಳ್ಳುತ್ತದೆ. ನಮ್ಮೂರ ಎಳನೀರು ಮಾರುವವರ ಮಚ್ಚನ್ನು ನೋಡಿ: ಅಂಚು ಕ್ಷೌರದ ಕತ್ತಿಯಂತೆ ತೆಳುವಾಗಿರುವುದಿಲ್ಲ, ಹಿಂದೆ ದಪ್ಪ ಬೆನ್ನಿರುತ್ತದೆ, ದಿನಕ್ಕೆ ನೂರು ಕಾಯಿ ಕೆತ್ತಿದರೂ ಅಂಚು ಹಲ್ಲು ಬೀಳುವುದಿಲ್ಲ. ಬ್ರಾಡ್‌ಹೆಡ್‌ನಲ್ಲೂ ಆ ಸಮತೋಲವೇ ಬೇಕು. ರಾಕ್‌ವೆಲ್ ಮಾಪನದಲ್ಲಿ ಐವತ್ತರ ಮೇಲಿನ, ಅರವತ್ತಕ್ಕೆ ಮುಟ್ಟದ ಗಡಸುತನ ಸಾಮಾನ್ಯವಾಗಿ ಒಳ್ಳೆಯದು. ಬದಲಾಯಿಸಬಹುದಾದ ಅಲಗುಗಳ ದಪ್ಪ ಸಾಮಾನ್ಯವಾಗಿ ಅಂಗುಲದ ಸಾವಿರದಲ್ಲಿ 30ರ ಸುಮಾರು. ಒಂದೇ ತುಂಡಿನಿಂದ ಮಾಡಿದ ಗಟ್ಟಿ ಹೆಡ್‌ಗಳಲ್ಲಿ ಅದಕ್ಕಿಂತ ಬಹಳ ದಪ್ಪ. ತೆಳುವಾದದ್ದು ಅಗ್ಗ, ಪೆಟ್ಟಿಗೆಯಿಂದ ತೆಗೆದಾಗಲೇ ಹರಿತ, ಕೆಟ್ಟರೆ ಎಸೆಯಬಹುದು. ದಪ್ಪವಾದದ್ದು ದುಬಾರಿ, ಆದರೆ ಸಾಣೆ ಹಿಡಿದು ವರ್ಷಗಟ್ಟಲೆ ಬಳಸಬಹುದು.

ಹರಿತ ಎಂಬ ಮಾತಿಗೆ ಪೆಟ್ಟಿಗೆಯ ಮೇಲಿನ ಬರಹ ಪ್ರಮಾಣವಲ್ಲ. ರಬ್ಬರ್ ಬ್ಯಾಂಡೊಂದನ್ನು ಸ್ವಲ್ಪವೇ ಹಿಗ್ಗಿಸಿ ಅಲಗಿನ ಮೇಲೆ ಹಗುರಾಗಿ ಇಡಿ, ಒತ್ತದೆ ತುಂಡಾಗಬೇಕು. ಮುಂಗೈ ಮೇಲಿನ ಕೂದಲನ್ನು ತಡೆಯಿಲ್ಲದೆ ಬೋಳಿಸಬೇಕು. ನಯವಾಗಿ ಕತ್ತರಿಸಿದ ರಕ್ತನಾಳ ಬೇಗ ಹೆಪ್ಪುಗಟ್ಟುವುದಿಲ್ಲ, ಹರಿದ ರಕ್ತನಾಳ ಹೆಪ್ಪುಗಟ್ಟುತ್ತದೆ. ಮೊಂಡು ಅಲಗು ಸರಿಯಾದ ಜಾಗಕ್ಕೆ ಬಿದ್ದರೂ ಜಿಂಕೆ ದೂರ ಓಡುವುದು ಇದರಿಂದ. ಮೂರು ಅಲಗಿನ ಒಂದೇ ತುಂಡಿನ ಹೆಡ್‌ಗಳಿಗೆ ಒಂದು ಅನುಕೂಲವಿದೆ: ಎರಡು ಅಲಗುಗಳನ್ನು ಒಟ್ಟಿಗೆ ಸಾಣೆಕಲ್ಲಿನ ಮೇಲೆ ಮಟ್ಟಸವಾಗಿ ಇಟ್ಟು ಎಳೆದರೆ ಕೋನ ತಾನಾಗಿಯೇ ಸರಿಯಾಗುತ್ತದೆ, ಅಭ್ಯಾಸವಿಲ್ಲದವರೂ ಹರಿತ ಮಾಡಬಹುದು. ಹರಿತ ಮಾಡಿದ ಮೇಲೆ ತೆಳ್ಳಗೆ ಎಣ್ಣೆ ಸವರಿಡಿ. ಬಾಣಕ್ಕೆ ತಿರುಗಿಸುವಾಗ ಬೆರಳಿನಿಂದ ಅಲ್ಲ, ಜೊತೆಗೆ ಬರುವ ಕೀಲಿಯಿಂದಲೇ ತಿರುಗಿಸಿ. ನನ್ನ ಎಡ ಹೆಬ್ಬೆರಳಿಗೆ ನಾಲ್ಕು ಹೊಲಿಗೆ ಬಿದ್ದದ್ದು ಬೇಟೆಯಲ್ಲಲ್ಲ, ಅಡುಗೆಮನೆಯ ಮೇಜಿನ ಮೇಲೆ.

ಇನ್ನು ತೂಕ. ಅಂಗಡಿಗಳಲ್ಲಿ ಹೆಚ್ಚು ಸಿಗುವುದು 100 ಮತ್ತು 125 ಗ್ರೇನ್. 100 ಗ್ರೇನ್ ಎಂದರೆ ಸುಮಾರು ಆರೂವರೆ ಗ್ರಾಂ. ಬಿಳಿಬಾಲದ ಜಿಂಕೆಗೆ 100 ಧಾರಾಳ ಸಾಕು. ಎಲ್ಕ್ ಎಂದರೆ ಬೇರೆ ಮಾತು. ನಮ್ಮ ಕಡವೆಗಿಂತಲೂ ದೊಡ್ಡದು, ಗಂಡು 300 ಕಿಲೋ ಮೀರುತ್ತದೆ, ಪಕ್ಕೆಲುಬುಗಳು ಅಗಲ, ಹೆಗಲು ದಪ್ಪ. ಅದಕ್ಕೆ ನಿಮ್ಮ ಬಾಣವನ್ನು 480 ಗ್ರೇನ್‌ವರೆಗೆ ಏರಿಸಿ ಎನ್ನುತ್ತೇನೆ. ವೇಗ ಸುಮಾರು 238 ಅಡಿಗೆ ಇಳಿಯುತ್ತದೆ, ಶಕ್ತಿ 60ರ ಆಸುಪಾಸಿನಲ್ಲೇ ಉಳಿಯುತ್ತದೆ, ಆದರೆ ತೂಕವನ್ನು ವೇಗದಿಂದ ಗುಣಿಸಿದ ಮೊತ್ತ, ಅಂದರೆ ಮೂಳೆಯ ಎದುರು ಬಾಣವನ್ನು ಮುಂದಕ್ಕೆ ನೂಕುತ್ತಿರುವ ಸಂವೇಗ, ಶೇಕಡ 9ರಷ್ಟು ಹೆಚ್ಚುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ದೊಡ್ಡ ಪ್ರಾಣಿಗಳ ಮೇಲೆ ಬಾಣಗಳನ್ನು ಪರೀಕ್ಷಿಸಿದ ಡಾ. ಎಡ್ ಆಶ್ಬಿ ಅವರ ಮಾತನ್ನು ಹಿಡಿದು 650 ಗ್ರೇನ್ ಬಾಣ, ಒಂದೇ ಬದಿಗೆ ಓರೆ ಕಡಿದ ದಪ್ಪ ಅಲಗು ಇಲ್ಲದೆ ಕಾಡಿಗೇ ಹೋಗಬಾರದು ಎನ್ನುವವರು ನಿಮಗೆ ಸಿಗುತ್ತಾರೆ. ಭಾರಿ ಮೂಳೆಯ ಪ್ರಾಣಿಗಳಿಗೆ ಆ ವಾದದಲ್ಲಿ ಹುರುಳಿದೆ. ಪೆನ್ಸಿಲ್ವೇನಿಯಾದ ಜಿಂಕೆಗೆ ಅಷ್ಟು ತೂಕ ಕಟ್ಟಿದರೆ ಬಾಣದ ಪಥ ಬಾಗಿ, ದೂರದ ಅಂದಾಜು ಎರಡು ಗಜ ತಪ್ಪಿದರೂ ಬಾಣ ಕೆಳಗೆ ಬೀಳುತ್ತದೆ. ಲಾಭಕ್ಕಿಂತ ನಷ್ಟ ಹೆಚ್ಚು.

ಎಂತಹ ಉತ್ತಮ ಹೆಡ್ ಕೊಂಡರೂ ಅದು ನಿಮ್ಮ ಬಿಲ್ಲಿನಿಂದ ನೇರವಾಗಿ ಹಾರದಿದ್ದರೆ ಹಣ ದಂಡ. ಸ್ಥಿರ ಅಲಗು ಬಾಣದ ಮುಂಭಾಗದಲ್ಲಿ ರೆಕ್ಕೆಯಂತೆ ವರ್ತಿಸುತ್ತದೆ. ಬಿಲ್ಲಿನ ಹೊಂದಾಣಿಕೆಯಲ್ಲಿ ಸಣ್ಣ ದೋಷವಿದ್ದರೂ ಅದನ್ನು ಎತ್ತಿ ತೋರಿಸುತ್ತದೆ. ಮೊದಲು ಬಾಣದ ಮೊನೆಯನ್ನು ಅಂಗೈಯಲ್ಲಿಟ್ಟ ಮರದ ತುಂಡಿನ ಮೇಲೆ ನಿಲ್ಲಿಸಿ ಬುಗುರಿಯಂತೆ ತಿರುಗಿಸಿ ನೋಡಿ. ಹೆಡ್ ಓಲಾಡಿದರೆ ಆ ಬಾಣವನ್ನು ಬದಿಗಿಡಿ. ಬಳಿಕ ಇಪ್ಪತ್ತು ಗಜದಿಂದ ಫೀಲ್ಡ್ ಪಾಯಿಂಟ್ ಎಂದು ಕರೆಯುವ ಅಭ್ಯಾಸದ ಮೊನೆಯ ಎರಡು ಬಾಣ, ಬ್ರಾಡ್‌ಹೆಡ್‌ನ ಎರಡು ಬಾಣ ಬಿಡಿ. ಬ್ರಾಡ್‌ಹೆಡ್‌ಗಳು ಎಡಕ್ಕೆ ಬಿದ್ದರೆ ಬಾಣ ಕೂರುವ ರೆಸ್ಟನ್ನು ಕೂದಲೆಳೆಯಷ್ಟು ಬಲಕ್ಕೆ, ಬಲಕ್ಕೆ ಬಿದ್ದರೆ ಎಡಕ್ಕೆ, ಅಂದರೆ ಯಾವಾಗಲೂ ಫೀಲ್ಡ್ ಪಾಯಿಂಟ್‌ಗಳಿರುವ ಕಡೆಗೆ ಸರಿಸಿ. ಮೇಲೆ ಕೆಳಗಿನ ವ್ಯತ್ಯಾಸಕ್ಕೂ ಇದೇ ಕ್ರಮ. ಒಂದು ಸಲಕ್ಕೆ ಅಂಗುಲದ ಮೂವತ್ತೆರಡನೆಯ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಎರಡೂ ಒಂದೇ ಕಡೆ ಬೀಳುವವರೆಗೆ ಗುರಿಯ ಪಿನ್‌ಗಳನ್ನು ಮುಟ್ಟಬಾರದು. ಇಲ್ಲಿ ಎಲ್ಲರೂ ಎಡವುತ್ತಾರೆ, ನಾನೂ ಎಡವಿದ್ದೆ. ಎಷ್ಟು ಸರಿಸಿದರೂ ಕೂಡಿಬರದಿದ್ದರೆ ಬಾಣದ ಬಿಗುವು ನಿಮ್ಮ ಬಿಲ್ಲಿಗೆ ಹೊಂದುತ್ತಿಲ್ಲ ಎಂದರ್ಥ. 100ರಿಂದ 125 ಗ್ರೇನ್‌ಗೆ ಹೋದರೆ ಅದೇ ಬಾಣ ಇನ್ನಷ್ಟು ಮೆದುವಾಗಿ ವರ್ತಿಸುತ್ತದೆ ಎಂಬುದೂ ನೆನಪಿರಲಿ. ಈ ಅಭ್ಯಾಸಕ್ಕೆ ಬಳಸಿದ ಹೆಡ್ಡನ್ನು ಮತ್ತೆ ಹರಿತ ಮಾಡದೆ ಕಾಡಿಗೆ ಒಯ್ಯಬೇಡಿ, ಫೋಮ್ ಗುರಿ ಅಲಗನ್ನು ಮೊಂಡಾಗಿಸುತ್ತದೆ.

ಹೆಸರು ಹೇಳಿ ಎಂದು ಕೇಳಿದ್ದೀರಿ. ನಿಮ್ಮ ಬಿಲ್ಲಿಗೆ ನಾನು ಕೊಳ್ಳುವುದಾದರೆ ಸ್ಲಿಕ್ ಟ್ರಿಕ್‌ನ ನಾಲ್ಕು ಅಲಗಿನ 100 ಗ್ರೇನ್ ಹೆಡ್ ಅಥವಾ ಮಝಿಯ ಮೂರು ಅಲಗಿನದನ್ನು ಕೊಳ್ಳುತ್ತೇನೆ. ಎರಡೂ ಗಿಡ್ಡ, ಗಟ್ಟಿ, ಅಲಗು ಬದಲಿಸಬಹುದಾದವು. ಸಾಣೆ ಹಿಡಿಯುವ ತಾಳ್ಮೆ ಇದ್ದರೆ ಜಿ5 ಮಾಂಟೆಕ್, ಅದು ಮೂರು ಅಲಗಿನ ಒಂದೇ ತುಂಡು. ಎಲ್ಕ್‌ಗೆ ಹೋಗುವ ವರ್ಷ ಐರನ್ ವಿಲ್‌ನಂತಹ ದುಬಾರಿ ಎರಡಲಗಿನದರ ಯೋಚನೆ ಮಾಡಿ, ಈಗ ಬೇಡ. ಉಳಿದ ಹಣದಲ್ಲಿ ಒಳ್ಳೆಯ ಸಾಣೆಕಲ್ಲು ಮತ್ತು ಬ್ರಾಡ್‌ಹೆಡ್ ತಾಳಿಕೊಳ್ಳುವ ಗುರಿ ಕೊಳ್ಳಿ. ಪೆನ್ಸಿಲ್ವೇನಿಯಾದಲ್ಲಿ ಬ್ರಾಡ್‌ಹೆಡ್‌ನ ಅಗಲ ಕನಿಷ್ಠ ಅಂಗುಲದ ಎಂಟನೆಯ ಏಳು ಭಾಗ, ಸುಮಾರು 22 ಮಿಲಿಮೀಟರ್, ಇರಬೇಕು. ಮೇಲಿನವೆಲ್ಲ ಅದನ್ನು ಮೀರುತ್ತವೆ. ಬೇರೆ ರಾಜ್ಯಕ್ಕೆ ಹೋಗುವ ಮುನ್ನ ಅಲ್ಲಿನ ಆ ವರ್ಷದ ನಿಯಮಾವಳಿ ಓದಿ. ಪಶ್ಚಿಮದ ಕೆಲವು ರಾಜ್ಯಗಳು ಮೆಕ್ಯಾನಿಕಲ್ ಹೆಡ್‌ಗಳನ್ನು ಬಹುಕಾಲ ನಿಷೇಧಿಸಿದ್ದವು.

ಊರಿನ ಹಂದಿಗಳ ವಿಷಯಕ್ಕೆ ಉತ್ತರ: ಆಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸುತ್ತದೆ. ಬೆಳೆ ಹಾಳುಮಾಡುವ ಪ್ರಾಣಿಯ ವಿಷಯದಲ್ಲೂ 11ನೇ ಕಲಮಿನಡಿ ಅಧಿಕಾರಿಯ ಲಿಖಿತ ಆದೇಶ ಬೇಕು, ನಮ್ಮ ಹೊಲ ಎಂಬುದು ನೆಪವಾಗದು. ಹೊಲದ ನಷ್ಟಕ್ಕೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುವುದೇ ದಾರಿ. ನಿಮ್ಮ ತಾಲ್ಲೂಕಿನ ಪಕ್ಕದಲ್ಲೇ, ಮಧುಗಿರಿಯ ಮೈದನಹಳ್ಳಿಯಲ್ಲಿ, ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. ನಾನು ಈಗ ಮುಂಜಾನೆ ಅಲ್ಲಿಗೆ ಹೋಗುವುದು ದುರ್ಬೀನು ಹಿಡಿದು. ಊರಿಗೆ ಮರಳುವಾಗ ಬಿಲ್ಲನ್ನು ಜೊತೆಗೆ ತಂದೆ, ಬ್ರಾಡ್‌ಹೆಡ್‌ಗಳನ್ನು ವಿಸ್ಕಾನ್ಸಿನ್‌ನಲ್ಲೇ ಗೆಳೆಯನೊಬ್ಬನಿಗೆ ಕೊಟ್ಟುಬಂದೆ. ಮನೆಯ ಹಿಂದಿನ ಗುರಿಹಲಗೆಗೆ ಫೀಲ್ಡ್ ಪಾಯಿಂಟ್ ಸಾಕು.