ಹಳೆ ಗ್ರೀಕ್‌ನ ‘ಹೊಸ್’ ಹಿಂದಿನ ಪದದ ವಿಭಕ್ತಿಯನ್ನೇ ಯಾಕೆ ತೆಗೆದುಕೊಳ್ಳುವುದಿಲ್ಲ?

ನಿಮ್ಮ ಪ್ರಶ್ನೆ ಇದು: ‘ಹೊ ಅನೇರ್ ಹೊನ್ ಹೊರೋ’, ಅಂದರೆ ‘ನಾನು ನೋಡುತ್ತಿರುವ ಗಂಡಸು’. ಇಲ್ಲಿ ‘ಅನೇರ್’ ಪ್ರಥಮಾ ವಿಭಕ್ತಿಯಲ್ಲಿದೆ, ಹಾಗಿದ್ದರೆ ‘ಹೊಸ್’ (ಯಾವನು) ಬಿಟ್ಟು ‘ಹೊನ್’ (ಯಾವನನ್ನು) ಯಾಕೆ ಬಂತು?

ನಾನೂ ಶುರುವಿನಲ್ಲಿ ಇಲ್ಲೇ ಎಡವಿದ್ದೆ. ಹಿಂದಿನ ಪದದ ವಿಭಕ್ತಿಯನ್ನು ಸುಮ್ನೆ ನಕಲು ಹೊಡೆಯುತ್ತಿದ್ದೆ. ನಮ್ಮ ಮಾತಿನಲ್ಲಿ ‘ನಾನು ನೋಡಿದ ಗಂಡಸು’ ಅಂದರೆ ಮುಗಿಯಿತು, ‘ಯಾರು, ಯಾರನ್ನು’ ಅನ್ನುವ ಪದವೇ ಬೇಕಿಲ್ಲ. ಅದಕ್ಕೇ ಗ್ರೀಕ್‌ನ ಈ ಪದ ನಮ್ಮ ತಲೆಗೆ ಹೋಗುವುದಿಲ್ಲ.

ಆದರೆ ಕನ್ನಡದಲ್ಲಿ ಇನ್ನೊಂದು ದಾರಿಯೂ ಇದೆ ಅಲ್ವಾ? ‘ಯಾವನನ್ನು ನೋಡುತ್ತೇನೋ ಅವನು’. ಗಂಡಸಾದ್ದರಿಂದ ‘ಯಾವನು’, ಹೆಂಗಸಾಗಿದ್ದರೆ ‘ಯಾವಳು’. ‘ಅನ್ನು’ ಬಂದಿದ್ದು ಮಾತ್ರ ‘ನೋಡು’ ಕ್ರಿಯಾಪದದಿಂದ. ಮುಂದಿನ ‘ಅವನು’ ಯಾವ ವಿಭಕ್ತಿಯಲ್ಲಿದ್ದರೂ ಇದಕ್ಕೆ ಸಂಬಂಧವಿಲ್ಲ. ಗ್ರೀಕ್‌ನದೂ ಇದೇ ಲೆಕ್ಕ. ಲಿಂಗ, ವಚನ ಹಿಂದಿನ ಪದದಿಂದ. ವಿಭಕ್ತಿ ತನ್ನದೇ ಉಪವಾಕ್ಯದಿಂದ. ಹಾಗಾಗಿ ಹೊಸ್, ಹೇ, ಹೊ ಬಂದ ಕಡೆಯೆಲ್ಲ ಮನಸ್ಸಿನಲ್ಲೇ ಯಾವನು, ಯಾವಳು, ಯಾವುದು ಅಂತ ಓದಿ ನೋಡಿ. ಊರು, ಸ್ವಾತಂತ್ರ್ಯ ಕೂಡ ಗ್ರೀಕ್‌ನಲ್ಲಿ ಸ್ತ್ರೀಲಿಂಗ, ಅವಕ್ಕೂ ‘ಯಾವಳು’ ಅನ್ನಬೇಕು. ನಗು ಬಂದರೂ ಪರವಾಗಿಲ್ಲ.

ಗ್ರೀಕ್ ನಾಟಕಕಾರ ಮೆನಾಂಡರ್‌ನ ಒಂದು ಸಾಲು ನೋಡಿ: ‘ಹೊನ್ ಹೊಯ್ ಥೆಒಯ್ ಫಿಲೂಸಿನ್, ಅಪೊಥ್ನೇಸ್ಕೆಯ್ ನೆಒಸ್’. ‘ಯಾವನನ್ನು ದೇವರುಗಳು ಪ್ರೀತಿಸುತ್ತಾರೋ ಅವನು ಚಿಕ್ಕ ವಯಸ್ಸಿಗೇ ಸಾಯುತ್ತಾನೆ.’ ‘ಅವನು’ ಅನ್ನುವ ಪದ ಗ್ರೀಕ್‌ನಲ್ಲಿ ಇಲ್ಲವೇ ಇಲ್ಲ, ಕ್ರಿಯಾಪದದೊಳಗೇ ಅಡಗಿದೆ. ಇಂಥದ್ದು ಜಾಸ್ತಿ ಸಿಗುತ್ತದೆ.

ಸಂಸ್ಕೃತ ಓದಿದ್ದರೆ ಇನ್ನೂ ಸುಲಭ. ಯಃ, ಯಾ, ಯತ್ ಇವುಗಳ ಸೋದರರೇ ಹೊಸ್, ಹೇ, ಹೊ. ಪದದ ಮೊದಲಿನ ‘ಯ’ ಗ್ರೀಕ್‌ನಲ್ಲಿ ‘ಹ’ ಆಗಿದೆ, ಅಷ್ಟೇ.

ಓದುವಾಗ ಕಣ್ಣು ಮೋಸ ಹೋಗುವ ಜಾಗ ಒಂದಿದೆ. ‘ಹೊ ಅನೇರ್’ ಅನ್ನುವಲ್ಲಿನ ‘ಹೊ’ ನಾಮಪದದ ಮುಂದೆ ಕೂರುವ ಬೇರೆಯೇ ಪದ, ಅದರ ಮೇಲೆ ಸ್ವರದ ಗೀಟು ಇರುವುದಿಲ್ಲ. ‘ಯಾವುದು’ ಅನ್ನುವ ‘ಹೊ’ ಮೇಲೆ ಗೀಟು ಇರುತ್ತದೆ. ‘ಹೇ’ಗೂ ಹೀಗೆಯೇ. ಆ ಸಣ್ಣ ಗೀಟನ್ನು ಹಗುರವಾಗಿ ನೋಡಬೇಡಿ.

ಈಗ ನಿಯಮ ಮುರಿಯುವ ಕಡೆ. ಕ್ರಿ.ಪೂ. 401ರಲ್ಲಿ ಯುದ್ಧಕ್ಕೆ ಮುಂಚೆ ಪರ್ಷಿಯಾದ ರಾಜಕುಮಾರ ಕಿರಿಯ ಸೈರಸ್ ತನ್ನ ಗ್ರೀಕ್ ಸೇನಾನಾಯಕರಿಗೆ ‘ನೀವು ಪಡೆದಿರುವ ಸ್ವಾತಂತ್ರ್ಯಕ್ಕೆ ತಕ್ಕವರಾಗಿ’ ಅಂದ ಅಂತ ಗ್ರೀಕ್ ಲೇಖಕ ಕ್ಸೆನೊಫೋನ್ ಬರೆಯುತ್ತಾನೆ: ‘ತೇಸ್ ಎಲೆಉಥೆರಿಯಾಸ್ ಹೇಸ್ ಕೆಕ್ತೇಸ್ಥೆ’. ‘ಪಡೆದಿದ್ದೀರಿ’ಗೆ ಕರ್ಮ ಆಗಬೇಕಾದ್ದರಿಂದ ‘ಹೇನ್’ ಬರಬೇಕಿತ್ತು. ಆದರೆ ಪಕ್ಕದ ಷಷ್ಠೀ ವಿಭಕ್ತಿ ಎಳೆದುಕೊಂಡು ‘ಹೇಸ್’ ಆಗಿದೆ. ಇದು ತಪ್ಪಲ್ಲ, ಒಳ್ಳೆ ಗ್ರೀಕ್. ಸಾಮಾನ್ಯವಾಗಿ ‘ಅನ್ನು’ ಬರಬೇಕಾದ ಕಡೆ, ಹಿಂದಿನ ಪದ ಷಷ್ಠಿಯಲ್ಲೋ ಚತುರ್ಥಿಯಲ್ಲೋ ಇದ್ದಾಗ ಹೀಗಾಗುತ್ತದೆ. ನಿಮ್ಮ ‘ಅನೇರ್’ ಪ್ರಥಮೆಯಲ್ಲಿದೆ, ಹಾಗಾಗಿ ‘ಹೊನ್’ ಅಲ್ಲೇ ಉಳಿಯಿತು.